ತಡೆದವರ ಕೀರ್ತಿ

ಅವತ್ತು ಅಕ್ಕ ತಡೆಯದೇ ಹೋಗಿದ್ದರೆ ಕೆ.ಆರ್. ಪೇಟೆ, ನಾಗಮಂಗಲ ಎರಡೂ ಕಡೆಯ ಹಾಲು ಮೋರಿ ಸೇರುತ್ತಿತ್ತು ಎಂದು ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕುರ್ಚಿ ತೋರಿಸುವ ಮೊದಲು ಈ ಕಥೆ ಹೇಳುತ್ತಾರೆ. ಕಥೆಯಲ್ಲಿ ಆತುರಗಾತಿ ಹುಡುಗಿಯೊಬ್ಬಳು ಬರುತ್ತಾಳೆ. ಆ ಹುಡುಗಿ ನಾನು.

ಕಥೆ ಪೂರ್ತಿ ಸುಳ್ಳಾಗಿದ್ದರೆ ನನಗೆ ಕಷ್ಟವಿರಲಿಲ್ಲ. ಎದುರಾಳಿಯ ಸುಳ್ಳನ್ನು ಹಿಡಿದು ಎಳೆಯುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತ ಕೆಲಸ. ಇದು ಅರ್ಧ ನಿಜ. ಅರ್ಧ ನಿಜದ ಎದುರು ವಾದ ಮಾಡುವವರು ಹೊಟ್ಟೆಕಿಚ್ಚಿನವರಂತೆ ಕಾಣುತ್ತಾರೆ. ನನಗೆ ಹೊಟ್ಟೆಕಿಚ್ಚು ಇದ್ದದ್ದೂ ಹೌದು. ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ವಾದ ತಪ್ಪಾಗಬೇಕೆಂದೇನೂ ಇಲ್ಲವಲ್ಲ.

ನಮ್ಮದು ಪಾಂಡವಪುರದ ಒಂದು ಸಣ್ಣ ಕಂಪನಿ. ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ತೂಕದ ಯಂತ್ರ ಎಷ್ಟು ಲೀಟರೆಂದು ಹೇಳುತ್ತದೆ, ಪರೀಕ್ಷೆಯ ಯಂತ್ರ ಹಾಲಿನ ಜಿಡ್ಡು, ಅಂದರೆ ಫ್ಯಾಟು, ಎಷ್ಟೆಂದು ಹೇಳುತ್ತದೆ, ನಮ್ಮ ಸಾಫ್ಟ್‌ವೇರು ಎರಡನ್ನೂ ಸೇರಿಸಿ ದುಡ್ಡು ಲೆಕ್ಕ ಹಾಕಿ ಚೀಟಿ ಹರಿದುಕೊಡುತ್ತದೆ. ನಾನು ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಈ ಸಾಫ್ಟ್‌ವೇರ್ ಬರೆಯುತ್ತೇನೆ. ಆಫೀಸಿನವರೆಲ್ಲಾ ಅಕ್ಕ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಯಾರು ಏನೇ ಬರೆದರೂ ಅಕ್ಕ "ಹಾಕು" ಅನ್ನುವವರೆಗೆ ಅದು ಡೈರಿಗಳಿಗೆ ಹೋಗುವಂತಿರಲಿಲ್ಲ. ನನಗೆ ಬೇಕಿದ್ದದ್ದು ಆ ಕೆಲಸ. ಸೇರಿದ ಮೊದಲ ತಿಂಗಳಿನಿಂದಲೂ ಬೇಕಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ.

ಅಕ್ಕ ಶೀಳನೆರೆ ಕಡೆಯವರು. ಎತ್ತರದ ಹೆಂಗಸು, ಕೂದಲನ್ನು ಗಂಟು ಕಟ್ಟಿ ಅದಕ್ಕೊಂದು ಪೆನ್ನು ಸಿಕ್ಕಿಸಿಕೊಂಡು, ಆಮೇಲೆ ಆಫೀಸೆಲ್ಲಾ ಪೆನ್ನು ಹುಡುಕುತ್ತಿದ್ದರು. ಟೈಪು ಮಾಡುವುದು ಎರಡೇ ಬೆರಳಿನಲ್ಲಿ. ಅವರು ಬರೆದ ಕೋಡನ್ನು ನಾನು ತಿದ್ದಿದ್ದೇನೆ, ಒಂದಲ್ಲ ಹತ್ತು ಸಲ. ತಿದ್ದಿದಾಗ "ಅಯ್ಯೋ, ಔದಲ್ವಾ" ಎಂದು ನಕ್ಕು ಕಡ್ಲೆಪುರಿ ಪೊಟ್ಟಣ ನನ್ನ ಕಡೆ ತಳ್ಳುತ್ತಿದ್ದರು. ನಾನು ಯಾರಾದರೂ ತಿದ್ದಿದರೆ ಅರ್ಧ ದಿನ ಉರಿಯುತ್ತೇನೆ. ಇಷ್ಟು ಹಗುರವಾಗಿ ಸೋಲುವವರನ್ನು ಗೆಲ್ಲುವುದು ಹೇಗೆ?

ಅವರು ಯಾರಿಗೂ "ಇಲ್ಲ" ಎಂದದ್ದನ್ನು ನಾನು ಕೇಳಿಲ್ಲ. ಏನು ತೆಗೆದುಕೊಂಡು ಹೋದರೂ, "ಮಾಡುವಂತೆ ತಡಿಯಮ್ಮಿ. ಇದ ಹಾಕಿ ಕೆಟ್ಟೋದ್ರೆ ವಾಪಸ್ ಎಂಗ್ ಬತ್ತೀಯ, ಮೊದ್ಲು ಅದ ಯೋಳು" ಅನ್ನುತ್ತಿದ್ದರು. ನಾವು ಹೋಗುವ ದಾರಿ ವಿವರಿಸಲು ಸಿದ್ಧವಾಗಿ ಬಂದಿರುತ್ತಿದ್ದೆವು. ಅವರು ಕೇಳುತ್ತಿದ್ದದ್ದು ಬರುವ ದಾರಿ. ಅರ್ಧಕ್ಕರ್ಧ ಜನ ಅಲ್ಲಿಯೇ ತಮ್ಮ ಜಾಗಕ್ಕೆ ವಾಪಸಾಗುತ್ತಿದ್ದರು.

ಅರ್ಜೆಂಟು ಎಂದು ಹೇಳಿಕೊಂಡು ಬಂದವರಿಗೆ ಇನ್ನೊಂದು ಪ್ರಶ್ನೆ. ಒಮ್ಮೆ ನಮ್ಮ ಸಾಹೇಬರು, ಅಂದರೆ ಕಂಪನಿಯ ಮಾಲೀಕರು, ತಾವೇ ಅಕ್ಕನ ಮೇಜಿನ ಹತ್ತಿರ ಬಂದು, ನಾಳೆ ಹಬ್ಬ, ಎಲ್ಲಾ ಡೈರಿಯ ಚೀಟಿಯ ಮೇಲೂ ಶುಭಾಶಯ ಬರಬೇಕು, ಈಗಲೇ ಹಾಕಿಸು ಎಂದರು.

"ಅರ್ಜೆಂಟು ಸರಿ ಸಾರ್. ಯಾರ್ಗೆ ಅರ್ಜೆಂಟು?" ಎಂದರು ಅಕ್ಕ, ಕಡ್ಲೆಪುರಿ ಅಗಿಯುತ್ತಲೇ.

"ನನಗೇ ಅನ್ಕೊಳಮ್ಮ."

"ಅಂಗಾರೆ ನಿಮ್ ಚೀಟಿ ಮ್ಯಾಲೆ ಹಾಕುಸ್ತೀನಿ. ಹಾಲ್ ತಂದಾಕಿ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಶುಭಾಶಯ ಬರಲಿಲ್ಲ. ಇದೇ ಮಾತನ್ನು ನಾನು ಆಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಯೋಚಿಸುವುದೇಕೆ, ಆಡಿ ನೋಡಿದ್ದೇನೆ. ಇಂಥದೇ ಇನ್ನೊಂದು ವಿಷಯಕ್ಕೆ "ಇದು ಯಾರಿಗೆ ತುರ್ತು ಸಾರ್?" ಎಂದು ಕೇಳಿದೆ. "ಎಲ್ಲಾದಕ್ಕೂ ಡಿಬೇಟು ಮಾಡ್ಬಾರ್ದಮ್ಮ" ಎಂದು ಮುಖ ಗಂಟಿಕ್ಕಿಕೊಂಡು ಹೋದರು. ಪ್ರಶ್ನೆ ಅದೇ. ಅಕ್ಕನ ಬಾಯಲ್ಲಿ ಅದು ವಿವೇಕ, ನನ್ನ ಬಾಯಲ್ಲಿ ಕೊಬ್ಬು.

ಹಳ್ಳಿಯ ಡೈರಿ ನೋಡಿಕೊಳ್ಳುವ ಸೆಕ್ರೆಟ್ರಿಗಳದ್ದೂ ಇದೇ ಕಥೆ. ಫೋನು ಬರುತ್ತಿತ್ತು, ನಾನು ಎತ್ತುತ್ತಿದ್ದೆ.

"ಅಕ್ಕೋರು ಇಲ್ವಾ?"

"ಊಟಕ್ಕೆ ಹೋಗಿದ್ದಾರೆ. ನನಗೇ ಹೇಳಿ ಸಾರ್, ಏನಾಗಿದೆ?"

"ಏನಿಲ್ಲ ಬುಡವ್ವ. ಬಂದ್ಮೇಲೆ ಮಾಡ್ತೀನಿ."

"ನಾನೇ ಬರೆದಿರೋದು ಸಾರ್ ಅದನ್ನ. ನನಗೆ ಗೊತ್ತಾಗತ್ತೆ."

"ಗೊತ್ತಾಯ್ತದೆ, ಗೊತ್ತಾಯ್ತದೆ. ಊಟ ಮಾಡ್ಲಿ ಬುಡು, ಪಾಪ."

ಅಕ್ಕ ಬಂದು ಫೋನು ಮಾಡಿ, ನನ್ನನ್ನೇ ಕೇಳಿಕೊಂಡು, ನಾನು ಹೇಳಿದ್ದನ್ನೇ ಅವರಿಗೆ ಹೇಳುತ್ತಿದ್ದರು. ಆ ಕಡೆಯಿಂದ "ನೀವಿದ್ದುದ್ಕೆ ಆಯ್ತು ಕಣಕ್ಕ" ಎಂಬ ಕೂಗು ನನ್ನ ಕುರ್ಚಿಯವರೆಗೂ ಕೇಳಿಸುತ್ತಿತ್ತು.

ಅಕ್ಕನ ಇನ್ನೊಂದು ಪದ್ಧತಿ ಹೇಳದೆ ಆ ದಿನದ ಕಥೆಗೆ ಹೋಗುವಂತಿಲ್ಲ. ತುರ್ತಾಗಿ ಏನನ್ನಾದರೂ ಹಾಕಬೇಕೆಂದರೆ, ಬರೆದವರು ಅದನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಓದಬೇಕು. ಬೇರೆ ಕಡೆಯೂ ಇಂಥ ನಿಯಮ ಇರುತ್ತದೆ, ಗೊತ್ತು. ಆದರೆ ಕೇಳುವವರು ಯಾರೆಂದು ಆರಿಸುತ್ತಿದ್ದದ್ದು ಅಕ್ಕ. ಬರೆದವರ ಜೊತೆ ಆ ವಾರ ಯಾರು ಮಾತು ಬಿಟ್ಟಿದ್ದಾರೋ ಅವರನ್ನೇ ಕರೆಯುತ್ತಿದ್ದರು. ಆಫೀಸಿನಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂಬ ಲೆಕ್ಕ ಸಾಹೇಬರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೊದಮೊದಲು ನನಗೆ ಇದು ಹಳ್ಳಿ ಪಂಚಾಯಿತಿಯ ತಮಾಷೆಯಂತೆ ಕಂಡಿತು. ನಾವು ಓದುವಾಗ ಸ್ನೇಹಿತರು ತಲೆಯಾಡಿಸುತ್ತಾರೆ, ಆಗದವರು ಮಾತ್ರ ನಿಜವಾಗಿ ಕೇಳಿಸಿಕೊಳ್ಳುತ್ತಾರೆ ಎಂದು ಆಮೇಲೆ ಹೊಳೆಯಿತು. ನನಗೆ ಹೊಳೆಯುವ ಮೊದಲು ಅವರಿಗೆ ಹೊಳೆದಿತ್ತಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ. ಮೂರು ವರ್ಷ ವೇದಿಕೆ ಹತ್ತಿ ಎದುರಾಳಿಯ ಬೆಲೆ ಕಲಿತವಳು ನಾನು.

ಈಗ ಆ ದಿನ.

ಬೆಳಿಗ್ಗೆ ಶೀಳನೆರೆಯಿಂದ ಫೋನು. ಅಕ್ಕ ಸ್ಪೀಕರಿಗೆ ಹಾಕಿದರು. ಸೆಕ್ರೆಟ್ರಿಯ ಮಾತಿಗಿಂತ ಅವರ ಹಿಂದಿನ ಗಲಾಟೆ ಜೋರಾಗಿತ್ತು.

"ನನ್ ಎಮ್ಮೆ ಹಾಲ್ಗೆ ನೀರಿನ ಫ್ಯಾಟು ಬಂದದೆ ಕಣ್ಲಾ!" ಎಂದು ಹೆಂಗಸೊಬ್ಬಳು ಕೂಗುತ್ತಿದ್ದಳು.

"ನೀರಂತೆ ನೀರು! ಚೀಟಿ ನೋಡಮ್ಮೋ, ಚೀಟಿ! ನನ್ ಹಸ ಇವತ್ತು ಎಮ್ಮೆ ಆಗ್ಬುಟ್ಟದೆ!" ಎಂದು ಯಾರೋ ಗಂಡಸು ಕುಣಿಯುತ್ತಿದ್ದ.

"ಅಕ್ಕೋ," ಎಂದರು ಸೆಕ್ರೆಟ್ರಿ, "ನಂಗ್ ತಲೆ ಕೆಟ್ಟೋಗದೆ. ಎಲ್ರೂ ಆ ಎಮ್ಮೆಯಮ್ಮನ ಹಿಂದ್ಗಡೆನೇ ನಿಂತ್ಕಬೇಕು ಅಂತ ಕ್ಯಾನ್ ಹಿಡ್ಕಂಡ್ ಕಿತ್ತಾಡ್ತಾವ್ರೆ."

ಆಫೀಸಿನಲ್ಲಿ ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ನಾನು ನಗಲಿಲ್ಲ. ಎಲ್ಲರೂ ಒಬ್ಬಳ ಹಿಂದೆಯೇ ಏಕೆ ನಿಲ್ಲಬೇಕು? ಅವಳ ಫ್ಯಾಟು ಅವಳ ಹಿಂದಿನವನಿಗೆ ಹೋಗುತ್ತಿದೆ, ಅವನದ್ದು ಅವನ ಹಿಂದಿನವಳಿಗೆ. ನಾವು ಕಂಪ್ಯೂಟರು ಮುಂದಿಟ್ಟುಕೊಂಡು ಕಾಣದಿದ್ದದ್ದನ್ನು ಸಾಲಿನಲ್ಲಿ ನಿಂತವರು ಒಂದು ಬೆಳಗಿನಲ್ಲಿ ಕಂಡುಹಿಡಿದು, ಲಾಭ ಮಾಡಿಕೊಳ್ಳಲು ಹೊರಟಿದ್ದರು. ಆ ವಾರ ಹಲವು ಡೈರಿಗಳಿಗೆ ಹೊಸ ಪರೀಕ್ಷಾ ಯಂತ್ರ ಬಂದಿತ್ತು. ಅದು ಹಳೆಯದಕ್ಕಿಂತ ತುಸು ನಿಧಾನವಾಗಿ ಉತ್ತರ ಕೊಡುತ್ತಿತ್ತು. ನಮ್ಮ ಸಾಫ್ಟ್‌ವೇರು ಕಾಯದೆ, ಯಂತ್ರದಲ್ಲಿ ಉಳಿದಿದ್ದ ಹಿಂದಿನವರ ಫ್ಯಾಟನ್ನೇ ಎತ್ತಿಕೊಂಡು ಚೀಟಿ ಹೊಡೆಯುತ್ತಿತ್ತು. ಇದನ್ನು ಹೇಳಿದವಳು ನಾನು, ಎಲ್ಲರೂ ಇನ್ನೂ ನಗುತ್ತಿದ್ದಾಗಲೇ. ಈ ಭಾಗ ಕಥೆಯಲ್ಲಿ ಇರುವುದಿಲ್ಲ.

ನಮ್ಮ ಕಡೆ ಏನೂ ಬದಲಾಗಿರಲಿಲ್ಲವಾದ್ದರಿಂದ ಹಿಂದಕ್ಕೆ ಹೋಗುವ ಪ್ರಶ್ನೆ ಇರಲಿಲ್ಲ. ಹೊಸದು ಬರೆಯಲೇಬೇಕಿತ್ತು. ಬರೆದೆ. ಯಂತ್ರ "ಹೊಸ ಫ್ಯಾಟು ಬಂತು" ಎಂದು ಸೂಚನೆ ಕೊಡುವವರೆಗೆ ಕಾಯುವುದು. ಹೊಣಕೆರೆಯಂಥ ಊರುಗಳಲ್ಲಿ ಇನ್ನೂ ಇದ್ದ ಹಳೆಯ ಯಂತ್ರಕ್ಕೆ ಸೂಚನೆ ಕೊಡಲು ಬರುವುದಿಲ್ಲ, ಅಲ್ಲಿ ಮೊದಲಿನಂತೆಯೇ ನಡೆಯುವುದು. ಇವೆರಡೂ ನನ್ನ ಬರಹದಲ್ಲಿ ಮೊದಲಿನಿಂದಲೇ ಇದ್ದವು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

"ಪುಟ್ಟರಾಜು, ಇಲ್ ಬಾ," ಎಂದರು ಅಕ್ಕ. "ಇವ್ಳು ಓದ್ತಾಳೆ, ನೀನ್ ಕೇಳು."

ಪುಟ್ಟರಾಜು ನನ್ನ ಜೊತೆಗೇ ಸೇರಿದವನು. ಮೀಟಿಂಗೊಂದರಲ್ಲಿ ನಾನು ಅವನ ಲೆಕ್ಕಾಚಾರವನ್ನು ಎಲ್ಲರ ಮುಂದೆ ಬಿಡಿಸಿ ಇಟ್ಟ ಮೇಲೆ "ನೀನು ಗೆಲ್ತೀಯ ಕಣಮ್ಮ, ಕೆಲ್ಸ ಆಗಲ್ಲ" ಎಂದು ಹೇಳಿ ಮಾತು ಬಿಟ್ಟಿದ್ದ.

"ನಾನಾ?" ಎಂದ.

"ಊಂ, ನೀನೇ. ಇವ್ಳ ಮ್ಯಾಲೆ ಪಿರೂತಿ ಇರೋರ್ ಯಾರೂ ಬ್ಯಾಡ."

ಓದಿದೆ. ಅವನು ಕಣ್ಣು ಕಿರಿದು ಮಾಡಿಕೊಂಡು ಕೇಳಿದ. ಹೊಸ ಯಂತ್ರದ ಭಾಗ ಮುಗಿಯುತ್ತಿದ್ದಂತೆ ಬಾಯಿ ಹಾಕಿದ. "ಹಳೇ ಮಿಷನ್ನು ಸೂಚನೆ ಕೊಡಲ್ವಲ್ಲ. ಕಾಯ್ತಾ ಕೂತ್ಕಳದಾ?"

"ಮುಂದೆ ಓದೋಕೆ ಬಿಟ್ರೆ ಗೊತ್ತಾಗತ್ತೆ," ಎಂದು ಮುಂದಿನದ್ದನ್ನು ಓದಿದೆ. ಅವನು ಇನ್ನೊಮ್ಮೆ ಓದಿಸಿದ. ಮತ್ತೊಮ್ಮೆ ತಾನೇ ನೋಡಿದ. ಹಲ್ಲು ಕೀಳಿಸಿಕೊಂಡವನ ಹಾಗೆ "ಸರಿಯಾಗದೆ" ಎಂದ.

"ಅವ್ನ ಬಾಯಲ್ಲೇ ಬಂತಲ್ಲಮ್ಮಿ," ಎಂದರು ಅಕ್ಕ. "ಇನ್ನ ಶೀಳನೆರೆಗ್ ಹಾಕು. ಹೊಣಕೆರೆಗ್ ಹಾಕು. ಅಲ್ಲೊಂದ್ ಹೊಸಾ ಮಿಷನ್ನು, ಇಲ್ಲೊಂದ್ ಹಳೇದು. ಸಂಜೆ ಹಾಲು ನೋಡ್ಕಂಡು, ಮಿಕ್ಕಿದ್ಕೆ ನಾಳೆ."

"ಇವತ್ತು ಸಂಜೆ ಮಿಕ್ಕಿದವರು ಏನು ಮಾಡಬೇಕು? ತಪ್ಪು ಚೀಟಿ ತಗೋಬೇಕಾ?"

"ಕೈಲಿ ಬರ್ಕತ್ತಾರೆ. ನಾನ್ ಯೋಳ್ತೀನಿ."

"ಸರಿ ಅಂತ ಆದ ಮೇಲೂ ತಡೆಯೋದು ಯಾಕೆ ಅಕ್ಕ?"

"ಸರಿ ಅಂದಿರೋದು ನಾವು ಮೂವರು. ಹಾಲ್ ಹಾಕೋರು ಇನ್ನೂ ಅಂದಿಲ್ವಲ್ಲ."

ಇದು ವಾದವಲ್ಲ. ಹೀಗೆ ಯೋಚಿಸಿದರೆ ಯಾವತ್ತೂ ಯಾವುದನ್ನೂ ಹಾಕುವಂತಿಲ್ಲ. ಇಷ್ಟು ನನಗೆ ಆಮೇಲೆ ಬಸ್ಸಿನಲ್ಲಿ ಹೊಳೆಯಿತು.

ಅಕ್ಕ ಒಂದೊಂದೇ ಡೈರಿಗೆ ಫೋನು ಮಾಡುತ್ತಾ ಹೋದರು. "ಅಣ್ಣೋ, ಇವತ್ತೊಂದ್ ಸಂಜೆ ಮಿಷನ್ನಿನ್ ಫ್ಯಾಟು ನೋಡ್ಕಂಡು ಕೈಲಿ ಚೀಟಿ ಬರ್ಕೊಡು. ಕಂಪ್ಯೂಟ್ರು ಮಾತ್ ಕೇಳ್ಬ್ಯಾಡ. ಔದೌದು, ನಾನೇ ಯೋಳ್ತಾ ಇವ್ನಿ." ಯಾಕೆ, ಏನು ಎಂದು ಒಬ್ಬರೂ ಕೇಳಲಿಲ್ಲ. ನಾನು ಮಾಡಿದ್ದರೆ "ಅಕ್ಕೋರು ಇಲ್ವಾ?" ಎಂದಿರುತ್ತಿದ್ದರು.

ಸಂಜೆ ಶೀಳನೆರೆಯಲ್ಲಿ ಎಮ್ಮೆಯಮ್ಮನಿಗೆ ಅವಳ ಫ್ಯಾಟು ಅವಳಿಗೇ ಬಂತು, ಅವಳ ಹಿಂದೆ ನಿಲ್ಲುವ ಪೈಪೋಟಿ ಮುಗಿಯಿತು. ಹೊಣಕೆರೆಯ ಹಳೆಯ ಯಂತ್ರ ಏನೂ ಆಗಿಲ್ಲವೆಂಬಂತೆ ತನ್ನ ಪಾಡಿಗೆ ನಡೆಯಿತು. ಆಫೀಸಿನಲ್ಲಿ ಚಪ್ಪಾಳೆ. ಅಷ್ಟರಲ್ಲಿ ಇನ್ನೊಂದು ಫೋನು ಬಂತು, ಎತ್ತಿದವಳು ನಾನು. ಬಿಂಡಿಗನವಿಲೆಯ ಹೆಂಗಸು. ಚೀಟಿಯ ತಳದಲ್ಲಿ ಅಚ್ಚಾಗಿರುವ ನಮ್ಮ ನಂಬರು ನೋಡಿ ಮಾಡಿದ್ದಳು.

"ಏನವ್ವ, ಕಂಪ್ಯೂಟ್ರನೋರಾ? ಕೈಲಿ ಬರಿಯಾಕ್ ನಂಗ್ ಬರಲ್ಲ ಅಂತ ನಮ್ ಸೆಕ್ರೆಟ್ರಿ ಕಿಟ್ಕಿ ಮುಚ್ಕಂಡು ಹೊಂಟೋದ. ಕ್ಯಾನ್ ತುಂಬಾ ಹಾಲದೆ. ಏನ್ ಮಾಡ್ಲಿ? ನಿಮ್ ಕಂಪ್ಯೂಟ್ರಿಗ್ ಉಯ್ಲಾ?"

ಆ ಸೆಕ್ರೆಟ್ರಿ ಹೊಸಬ, ಕೈಯಲ್ಲಿ ಚೀಟಿ ಬರೆದು ಅಭ್ಯಾಸವೇ ಇರಲಿಲ್ಲ. ಅಕ್ಕನಿಗೆ ಫೋನಿನಲ್ಲಿ "ಆಯ್ತಕ್ಕ" ಎಂದವನು, ಸಾಲು ನೋಡಿ ಹೆದರಿ ಹೋಗಿದ್ದ. ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಅವಳ ಮಾತು ಮುಗಿಯುವವರೆಗೂ ಕೇಳಿದರು. "ಊಂ ಕಣವ್ವ. ತಪ್ಪಾಯ್ತು ಕಣವ್ವ" ಎಂದಷ್ಟೇ ಹೇಳಿ ಇಟ್ಟರು.

"ನಾನು ಹೇಳಿರಲಿಲ್ವಾ?" ಎಂದೆ.

"ಯೋಳಿದ್ದೆ ಕಣಮ್ಮಿ."

ಆ ಹೊತ್ತಿಗೆ ಉಳಿದವರೆಲ್ಲಾ ಟೀಗೆ ಕೆಳಗೆ ಇಳಿದಿದ್ದರು. ನಾವಿಬ್ಬರೇ ಇದ್ದೆವು.

ಮರುದಿನ ಬೆಳಿಗ್ಗೆ ಎಲ್ಲಾ ಡೈರಿಗಳಿಗೂ ಹೋಯಿತು. ನಾನು ಬರೆದದ್ದೇ ಹೋಯಿತು, ಒಂದಕ್ಷರವೂ ಬದಲಾಗದೆ. ಎಲ್ಲೂ ಏನೂ ಕೆಡಲಿಲ್ಲ. ಹಾಗಾದರೆ ಅಕ್ಕ ತಡೆದದ್ದರಿಂದ ಉಳಿದ ಹಾಲು ಎಷ್ಟು? ಕೆಟ್ಟ ಹಾಲು ಎಷ್ಟೆಂದು ನನಗೆ ಗೊತ್ತು, ಬಿಂಡಿಗನವಿಲೆಯ ಆ ಕಿಟಕಿಯ ಮುಂದೆ ನಿಂತಿದ್ದವರ ಕ್ಯಾನುಗಳದ್ದು. ಕಥೆಯಲ್ಲಿ ಆ ಕಿಟಕಿಯೂ ಇಲ್ಲ.

ಎದುರು ಪಕ್ಷದ ವಾದವೂ ನನಗೆ ಗೊತ್ತು, ಅವರಿಗಿಂತ ಚೆನ್ನಾಗಿ ನಾನೇ ಮಂಡಿಸಬಲ್ಲೆ. ನನ್ನ ಬರಹದಲ್ಲಿ ಮೂವರಿಗೂ ಕಾಣದ ತಪ್ಪೊಂದು ಇದ್ದಿದ್ದರೆ? ಒಂದು ಕಿಟಕಿಯ ಬದಲು ಎಲ್ಲಾ ಕಿಟಕಿಗಳೂ ಮುಚ್ಚಿರುತ್ತಿದ್ದವು. ಒಪ್ಪುತ್ತೇನೆ. ಇರಲಿಲ್ಲ ಎಂದು ಗೊತ್ತಾದದ್ದು ಮರುದಿನ ತಾನೇ? ಅದನ್ನೂ ಒಪ್ಪುತ್ತೇನೆ. ನನಗೆ ಸಹಿಸಲಾಗದ್ದು ಬೇರೆ. ಕೆಲಸ ಮಾಡಿದವರು ತಾವು ಮಾಡಿದ್ದನ್ನು ತೋರಿಸಬೇಕು, ಅದನ್ನು ಎಲ್ಲರೂ ಅಳೆಯುತ್ತಾರೆ. ತಡೆದವರಿಗೆ ಮಾತ್ರ ನಡೆಯದೇ ಹೋದ ಅನಾಹುತದ ಕೀರ್ತಿ. ನಡೆಯದ್ದನ್ನು ಎಷ್ಟು ದೊಡ್ಡದು ಬೇಕಾದರೂ ಮಾಡಬಹುದು. ಅಳೆಯುವವರು ಯಾರು?

ಹಾಗೆಯೇ ಆಯಿತು. ಮೊದಲ ವಾರ ಪುಟ್ಟರಾಜು ಟೀ ಅಂಗಡಿಯಲ್ಲಿ, "ಹಳೇ ಮಿಷನ್ ಬಗ್ಗೆ ನಾವು ಒಂದು ಪ್ರಶ್ನೆ ಕೇಳಿದ್ವಿ" ಎಂದ. ತಿಂಗಳ ಹೊತ್ತಿಗೆ ಅದು "ಒಂದು ತಪ್ಪು ಹಿಡಿದ್ವಿ" ಆಯಿತು. ಅದು ಸಾಹೇಬರ ಬಾಯಿಗೆ ಬರುವಷ್ಟರಲ್ಲಿ, ನಾನು ಗುಂಡಿ ಒತ್ತಲು ಬೆರಳು ಎತ್ತಿದ್ದೆನಂತೆ, ಅಕ್ಕ ಓಡಿಬಂದು ಕೈ ಹಿಡಿದರಂತೆ. ಅಕ್ಕ ಓಡಿದ್ದನ್ನು ನಾನು ಕಂಡಿಲ್ಲ. ಅವರು ನನ್ನ ಕೈ ಹಿಡಿದದ್ದು ಒಂದೇ ಸಲ, ಬಳೆ ಎಲ್ಲಿ ತಗೊಂಡೆ ಎಂದು ಕೇಳಲು.

ಅವರಾಗಿಯೇ ಈ ಕಥೆ ಹೇಳಿದ್ದನ್ನೂ ನಾನು ಕೇಳಿಲ್ಲ. ಸುಳ್ಳು ಎಂದದ್ದನ್ನೂ ಕೇಳಿಲ್ಲ.

ಒಂದು ವಿಷಯ ಬಿಟ್ಟರೆ ನನಗೇ ಮೋಸವಾಗುತ್ತದೆ. ಕೆಲವು ವಾರಗಳ ಮೇಲೆ ಬಿಂಡಿಗನವಿಲೆಯ ಅದೇ ಹೆಂಗಸು ಬೇರೇನೋ ಕೇಳಲು ಮತ್ತೆ ಫೋನು ಮಾಡಿದಳು. ಮಾತಿನ ನಡುವೆ, "ನಿಮ್ಮಕ್ಕ ಬಂದಿದ್ಲಲ್ಲವ್ವ ಅವತ್ತು, ಗಾಡೀಲಿ. ಡೈರಿ ಜಗಲಿ ಮ್ಯಾಲ್ ಕುಂತ್ಕಂಡು ಎಲ್ರ ಕೈಲೂ ಬೈಸ್ಕಂಡ್ಲು. ಆ ಸೆಕ್ರೆಟ್ರಿ ಹೈದಂಗೆ ಚೀಟಿ ಬರಿಯದ ಕಲ್ಸಿ, ನಮ್ಮನೇಲಿ ಮಜ್ಜಿಗೆ ಕುಡ್ದು ಹೊಂಟೋದ್ಲು" ಎಂದಳು. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಪಾಂಡವಪುರದಿಂದ ಬಿಂಡಿಗನವಿಲೆಗೆ ಸ್ಕೂಟರಿನಲ್ಲಿ ಹೋಗುವುದು, ಅದೂ ಬೈಸಿಕೊಳ್ಳಲು! ನನಗಾದರೆ ಅದು ಹೊಳೆಯುತ್ತಿರಲಿಲ್ಲ. ಹೊಳೆದಿದ್ದರೆ ಹೋಗಿ ಬಂದದ್ದನ್ನು ನಾಲ್ಕು ಜನರಿಗೆ ಹೇಳಿರುತ್ತಿದ್ದೆ. ಫೋನು ಇಟ್ಟ ಮೇಲೆ ಅವರ ಬಗ್ಗೆ ಗೌರವ ಹೆಚ್ಚಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೆ ಹೊಟ್ಟೆಯ ಉರಿಯೂ ಅಷ್ಟೇ ಹೆಚ್ಚಾಯಿತು.

ಕಳೆದ ತಿಂಗಳು ಅಕ್ಕ ಕೆಲಸ ಬಿಟ್ಟರು. ಮೈಸೂರಿನ ದೊಡ್ಡ ಕಂಪನಿಯೊಂದು ಕರೆದಿದೆ, ಅಲ್ಲಿಯೂ ಇದೇ ಕೆಲಸವಂತೆ. ಬೀಳ್ಕೊಡುಗೆ ದಿನ ಆಫೀಸಿನ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದರು. ಕೂಗಿದರೆ ಕೇಳುವಷ್ಟು ಜಾಗಕ್ಕೆ ಸಾಹೇಬರು ಮೈಕು ತರಿಸಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾಲ್ಕೈದು ಡೈರಿಗಳ ಸೆಕ್ರೆಟ್ರಿಗಳು ಬಂದು ಒಬ್ಬೊಬ್ಬರೂ ಕಣ್ಣೊರೆಸಿಕೊಂಡರು.

ಆಮೇಲೆ ಸಾಹೇಬರು ಆ ಕಥೆ ಹೇಳಿದರು. ಬೆರಳು, ಗುಂಡಿ, ಓಟ, ಎಲ್ಲವೂ ಇತ್ತು. "ನಮ್ಮ ಹುಡುಗಿ ಬುದ್ಧಿವಂತೆ, ಸ್ವಲ್ಪ ಸ್ಪೀಡು ಜಾಸ್ತಿ" ಎಂದು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ನಕ್ಕರು. ನಾನು ಅಕ್ಕನನ್ನು ನೋಡಿದೆ. ಅವರು ಕೊರಳಿನ ಹಾರದ ದಾರದಲ್ಲಿ ಸಿಕ್ಕಿಕೊಂಡ ಕೂದಲನ್ನು ಬಿಡಿಸಿಕೊಳ್ಳುತ್ತಿದ್ದರು.

"ಇನ್ಮೇಲೆ ಒಪ್ಪಿಗೆ ಕೊಡೋ ಕೆಲಸ ಯಾರಿಗೆ ಅಂತ ಅಕ್ಕನ್ನೂ ಕೇಳಿದೆ," ಎಂದರು ಸಾಹೇಬರು. "ಎಲ್ಲಾ ಯೋಚನೆ ಮಾಡಿ, ಇವತ್ತಿಂದ ಪುಟ್ಟರಾಜು ನೋಡ್ಕೋತಾನೆ. ಸಮಾಧಾನದ ಮನುಷ್ಯ."

ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಪುಟ್ಟರಾಜು ನನ್ನ ಕಡೆ ನೋಡದೆ ಎದ್ದು ನಿಂತು ಕೈಮುಗಿದ. ನನ್ನ ಬರಹವನ್ನು ಎರಡು ಸಲ ಓದಿಸಿ, ಒಂದು ಸಲ ತಾನೇ ನೋಡಿ, "ಸರಿಯಾಗದೆ" ಎಂದ ಮನುಷ್ಯ. ಆ ಕೋಣೆಯಲ್ಲಿ ನಿಜ ಗೊತ್ತಿದ್ದ ಮೂವರಲ್ಲಿ ಒಬ್ಬ ಆ ಕೆಲಸಕ್ಕೆ ನಮಸ್ಕಾರ ಮಾಡುತ್ತಿದ್ದ, ಒಬ್ಬರು ಹಾರ ಬಿಡಿಸಿಕೊಳ್ಳುತ್ತಿದ್ದರು, ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಕೇಸರಿಬಾತಿನ ಗದ್ದಲದಲ್ಲಿ ಅಕ್ಕ ಕೆಳಗೆ ಇಳಿದದ್ದು ಕಂಡಿತು. ಹಿಂದೆಯೇ ಇಳಿದೆ. ಮೆಟ್ಟಿಲ ಪಕ್ಕ ಸ್ಕೂಟರು ನಿಲ್ಲಿಸಿದ್ದರು. ನನ್ನನ್ನು ನೋಡಿ, "ಬಾರಮ್ಮಿ, ಇದೊಸಿ ಇಡ್ಕೊ" ಎಂದು ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಸೀಟು ಎತ್ತಿ ಶಾಲನ್ನು ಮಡಚಿ ಒಳಗೆ ತುರುಕಿದರು. ಬುಟ್ಟಿ ತಗೊಳ್ಳಲು ಕೈ ಚಾಚಿದರು. ನಾನು ಕೊಡಲಿಲ್ಲ.

"ಅಕ್ಕ, ಸಾಹೇಬರು ನಿಮ್ಮನ್ನ ಕೇಳಿದಾಗ ನೀವು ಯಾರ ಹೆಸರು ಹೇಳಿದ್ರಿ?"